ಬೇಸಿಗೆ ಮಧ್ಯಾಹ್ನ ಪಕ್ಷಿಧಾಮದಲ್ಲಿ ನೋಡೋಕೆ ಏನಿರುತ್ತೆ?

ಹಸಿರುಕೊಂಬೆ:
ಮೊನ್ನೆ ಮೊದಲನೇ ಸಲ ಪಕ್ಷಿಧಾಮಕ್ಕೆ ಹೋಗಿದ್ದೆ, ಹೊರಡೋದೇ ಲೇಟಾಗಿ ಒಳಗೆ ಕಾಲಿಡೋ ಹೊತ್ತಿಗೆ ಹನ್ನೊಂದು ಗಂಟೆ, ಒಂದು ಹಕ್ಕಿನೂ ಹಾಡ್ತಾ ಇರ್ಲಿಲ್ಲ, ನೀರುಕಾಗೆ ಒಂದು ಬಾಯಿ ತೆರ್ಕೊಂಡು ಗಂಟಲು ಪಟಪಟ ಅಲ್ಲಾಡಿಸ್ತಾ ಕೂತಿತ್ತು, ಹುಷಾರಿಲ್ವೇನೋ ಅಂತ ಮನಸ್ಸು ಕಸಿವಿಸಿ ಆಯ್ತು. ಹಕ್ಕಿ, ಗಿಡ, ಹುಳ ಎಲ್ಲಾ ಒಂದೇ ದಿನ ನೋಡ್ಬೇಕು ಅಂದ್ರೆ ಹೇಗೆ ಪ್ಲಾನ್ ಮಾಡೋದು? 8×42 ಬೈನಾಕ್ಯುಲರ್ ಇದೆ ಅಷ್ಟೆ.

ಕೆರೆದಂಡೆ:
ಅದಕ್ಕೇನೂ ಆಗಿಲ್ಲ, ಚಿಂತೆ ಬೇಡ. ಹಕ್ಕಿಗಳು ಬೆವರಲ್ಲ ಅಲ್ವಾ, ಗಂಟಲಿನ ತೆಳು ಚರ್ಮ ಅಲ್ಲಾಡಿಸಿ ಒಳಗಿನ ತೇವ ಆರಿಸಿ ಮೈ ತಂಪು ಮಾಡ್ಕೊಳ್ತವೆ. ಹಾಡು ಕೇಳ್ಬೇಕು ಅಂದ್ರೆ ಬೆಳಕು ಹರಿಯೋ ಮುಂಚೆನೇ ಅಲ್ಲಿರಿ. ಇನ್ನೊಂದು, ಗೂಡು ಕಂಡ್ರೆ ದಯವಿಟ್ಟು ಫೋಟೋಗೆ ಅಂತ ಹತ್ರ ಹೋಗ್ಬೇಡಿ. ಈ ಬಿಸಿಲಲ್ಲಿ ತಾಯಿ ಕೂತಿರೋದು ಕಾವು ಕೊಡೋಕೆ ಮಾತ್ರ ಅಲ್ಲ, ನೆರಳು ಕೊಡೋಕೂ ಹೌದು, ಎದ್ದು ಹೋದ್ರೆ ಮೊಟ್ಟೆ ಒಳಗಿನ ಜೀವ ಸ್ವಲ್ಪ ಹೊತ್ತಲ್ಲೇ ಹೋಗ್ಬಿಡಬಹುದು.

ಜೀರುಂಡೆಪ್ರಿಯ:
ಹನ್ನೊಂದು ಗಂಟೆ ಲೇಟು ಅಂತ ಯಾರು ಹೇಳಿದ್ದು, ಹುಳಗಳಿಗೆ ಅದೇ ಸರಿಯಾದ ಹೊತ್ತು! ಏರೋಪ್ಲೇನ್ ಚಿಟ್ಟೆ ನೋಡಿ, ಬಿಸಿಲು ನೆತ್ತಿಗೆ ಬಂದಾಗ ಕೆಲವು ಬಾಲ ನೆಟ್ಟಗೆ ಸೂರ್ಯನ ಕಡೆ ಎತ್ತಿ ಕೂರ್ತವೆ, ಮೈಮೇಲೆ ಬಿಸಿಲು ಕಮ್ಮಿ ಬೀಳ್ಲಿ ಅಂತ. ಒದ್ದೆ ಮಣ್ಣಲ್ಲಿ ಚಿಟ್ಟೆಗಳು ಗುಂಪಾಗಿ ಕೂತಿದ್ರೆ ಹೆಚ್ಚಿನವು ಗಂಡು, ನೀರಿನ ಜೊತೆ ಉಪ್ಪಿನಂಶ ಹೀರ್ತಾ ಇರ್ತವೆ. ಜೀರುಂಡೆಲೂ ಕೂಗೋದು ಗಂಡೇ, ಬಾಯಿಂದ ಅಲ್ಲ, ಹೊಟ್ಟೆಯ ಎರಡೂ ಪಕ್ಕ ಇರೋ ಪೊರೆಯಿಂದ. ಬೈನಾಕ್ಯುಲರ್ ಉಲ್ಟಾ ಹಿಡಿದು, ದೊಡ್ಡ ಗಾಜಿನ ಕಡೆಯಿಂದ ನೋಡ್ತಾ ಚಿಕ್ಕ ಗಾಜನ್ನ ಹುಳಕ್ಕೆ ಒಂದೆರಡು ಬೆರಳಷ್ಟು ಹತ್ರ ತನ್ನಿ, ಭೂತಗನ್ನಡಿ ಆಗುತ್ತೆ.

ಅತ್ತಿಮರ:
ನಾನಾದ್ರೆ ಸುತ್ತೋದೇ ಬಿಟ್ಟು ಹಣ್ಣು ಬಿಟ್ಟಿರೋ ಒಂದು ಅತ್ತಿ ಮರದ ಕೆಳಗೆ ಎರಡು ಗಂಟೆ ಕೂರ್ತೀನಿ. ಹೂವು ಕಾಯಿ ಒಳಗೇ ಇರುತ್ತೆ, ಎಳ್ಳಿನಷ್ಟೂ ಇಲ್ಲದ ಕಣಜ ತುದಿಯ ತೂತಲ್ಲಿ ನುಸುಳಿ ಪರಾಗ ಮುಟ್ಟಿಸುತ್ತೆ, ಆಮೇಲೆ ಹಣ್ಣಿಗೆ ಕುಟ್ರ, ಕೋಗಿಲೆ ಎಲ್ಲಾ ಬರ್ತವೆ. ನೀವು ಕೇಳಿದ ಮೂರೂ ಒಂದೇ ಮರದಲ್ಲಿ ಸಿಗ್ತವೆ.

ಹಸಿರುಕೊಂಬೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಬೈನಾಕ್ಯುಲರ್ ಉಲ್ಟಾ ಹಿಡಿದು ಗೋಡೆ ಮೇಲಿನ ಇರುವೆ ನೋಡ್ದೆ, ಮುಂಗಾಲಲ್ಲಿ ಮೀಸೆ ಒರೆಸ್ಕೊಳ್ತಾ ಇತ್ತು!