ದಿನಸಿ ಗೋದಾಮಿನ ದಾಸ್ತಾನು ನಿರ್ಧಾರಕ್ಕೆ ದತ್ತಾಂಶ ವಿಶ್ಲೇಷಣೆ: ಅನುಭವ ಉಳ್ಳವರು ತಿಳಿಸಿ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ದಿನಸಿ ಸಗಟು ವಿತರಣೆ, ಸುತ್ತಲಿನ ತಾಲ್ಲೂಕುಗಳ ಕಿರಾಣಿ ಅಂಗಡಿಗಳಿಗೆ ಮಾಲು ಕಳಿಸುತ್ತೇವೆ. ಹಲವು ವರ್ಷಗಳ ಬಿಲ್ಲುಗಳು ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶದಲ್ಲಿವೆ. ಆದರೂ ಬೇಡದ ಮಾಲು ಗೋದಾಮಿನಲ್ಲಿ ಉಳಿದು, ಬೇಕಾದದ್ದು ಸಮಯಕ್ಕೆ ಸಿಗದಂತಾಗಿದೆ. ಬೇಡಿಕೆಯನ್ನು ಮುಂಚಿತವಾಗಿ ಅಂದಾಜಿಸುವ ತಂತ್ರಾಂಶವನ್ನು ಕೊಳ್ಳಬೇಕೆ?

ಔಷಧ ವಿತರಕರು, ಹುಬ್ಬಳ್ಳಿ: ತಂತ್ರಾಂಶದ ಮಾತು ಆಮೇಲಿರಲಿ. ತಮ್ಮ ಬಿಲ್ಲುಗಳಲ್ಲಿ ಇರುವುದು ಮಾರಾಟದ ಲೆಕ್ಕ ಮಾತ್ರ. ಒಂದು ವಾರ ಮಾಲೇ ಇಲ್ಲದಿದ್ದರೆ ಆ ವಾರದ ಮಾರಾಟ ಸೊನ್ನೆಯೆಂದು ದಾಖಲಾಗುತ್ತದೆ. ತಂತ್ರಾಂಶವು ಅದನ್ನು ಕೇಳುವವರೇ ಇರಲಿಲ್ಲವೆಂದು ಓದಿ ಮುಂದಿನ ಖರೀದಿಯನ್ನು ಇನ್ನಷ್ಟು ಇಳಿಸುತ್ತದೆ, ಮಾಲು ಮತ್ತೂ ಬೇಗ ಮುಗಿಯುತ್ತದೆ. ನಮ್ಮಲ್ಲಿ ಆರ್ಡರ್ ಬರೆದುಕೊಳ್ಳುವ ಹುಡುಗರು, ಅಂಗಡಿಯವರು ಕೇಳಿದರೂ ನಾವು ಕೊಡಲಾಗದ ಪ್ರತಿಯೊಂದು ಮಾಲನ್ನೂ ಪ್ರಮಾಣದ ಸಮೇತ ಬೇರೆ ಹಾಳೆಯಲ್ಲಿ ಬರೆದಿಡುತ್ತಾರೆ. ಅವರಿಗೆ ಇದು ಬೇಸರದ ಕೆಲಸ, ಪದೇ ಪದೇ ನೆನಪಿಸಬೇಕು. ಆದರೆ ನಮ್ಮ ಖರೀದಿಯ ರೀತಿಯನ್ನು ನಿಜವಾಗಿ ಬದಲಿಸಿದ್ದು ಆ ಹಾಳೆಯೇ.

ಕಾರ್ಖಾನೆಯ ಖರೀದಿ ವಿಭಾಗದವರು, ಪೀಣ್ಯ: ಮೇಲಿನವರ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ. ಆರ್ಡರ್ ಕೊಟ್ಟ ದಿನ ಮತ್ತು ಮಾಲು ಗೋದಾಮಿನಲ್ಲಿ ಇಳಿದ ದಿನ, ಇವೆರಡನ್ನೂ ದಾಖಲಿಸಿ. ಕಂಪನಿಯ ಇನ್‌ವಾಯ್ಸ್ ದಿನಾಂಕವನ್ನು ನಂಬಿದರೆ ದಾರಿಯಲ್ಲಿ ಕಳೆದ ದಿನಗಳು ಲೆಕ್ಕಕ್ಕೇ ಬರುವುದಿಲ್ಲ. ದಿನದ ಬೇಡಿಕೆಯ ಏರಿಳಿತ, ಅಂದರೆ ಪ್ರಮಾಣಿತ ವಿಚಲನೆ, 20 ಪೆಟ್ಟಿಗೆಯಿದ್ದು ಮಾಲು ಬರಲು 9 ದಿನ ಬೇಕೆಂದಿಟ್ಟುಕೊಳ್ಳಿ. ನೂರಕ್ಕೆ 95 ಸಲ ಕೊರತೆ ಬಾರದಂತೆ ನೋಡಿಕೊಳ್ಳಲು ಅಷ್ಟು ಖಾತರಿಗೆ ಸಂಖ್ಯಾಶಾಸ್ತ್ರದ ಕೋಷ್ಟಕ ಕೊಡುವ 1.65 ಎಂಬ ಅಂಕಿಯನ್ನು 20ರಿಂದಲೂ 9ರ ವರ್ಗಮೂಲವಾದ 3ರಿಂದಲೂ ಗುಣಿಸಿದರೆ 99 ಪೆಟ್ಟಿಗೆಗಳ ಮೀಸಲು ದಾಸ್ತಾನು ಬೇಕೆಂದು ತಿಳಿಯುತ್ತದೆ. ಮಾಲು ಒಮ್ಮೆ 5 ದಿನಕ್ಕೆ, ಇನ್ನೊಮ್ಮೆ 15 ದಿನಕ್ಕೆ ಬರುವಂತಿದ್ದರೆ ಇದೂ ಸಾಲದು. ಆಗ ಹೆಚ್ಚು ಮಾಲು ತುಂಬುವ ಬದಲು ಸರಬರಾಜುದಾರರ ಮುಂದೆ ಆ ದಿನಾಂಕಗಳನ್ನಿಟ್ಟು ಮಾತನಾಡುವುದೇ ಅಗ್ಗ.

ದಿನಸಿ ವಿತರಕರು, ಮೈಸೂರು: ನಮ್ಮ ವ್ಯಾಪಾರದಲ್ಲಿ ತಿಂಗಳಿಗೆ ತಿಂಗಳನ್ನು ಹೋಲಿಸಿದರೆ ಮೋಸಹೋಗುತ್ತೀರಿ. ಗಣೇಶನ ಹಬ್ಬ 2022ರಲ್ಲಿ ಆಗಸ್ಟ್ 31ಕ್ಕೆ ಬಂದಿತ್ತು. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಸೆಪ್ಟೆಂಬರ್ 18ಕ್ಕೆ ಹೋಯಿತು. ಬೆಲ್ಲ, ಕೊಬ್ಬರಿ, ಚಿರೋಟಿ ರವೆಗಳ ಹಬ್ಬದ ಮಾರಾಟವೆಲ್ಲ ಒಂದು ವರ್ಷ ಆಗಸ್ಟಿನಲ್ಲಿ, ಮರುವರ್ಷ ಸೆಪ್ಟೆಂಬರಿನಲ್ಲಿ ಕಾಣಿಸುತ್ತದೆ. ಆದುದರಿಂದ ಹಬ್ಬಕ್ಕೆ ಎಷ್ಟು ದಿನ ಮುಂಚೆ ಎಂಬ ಅಂಕಣವೊಂದನ್ನು ಎಕ್ಸೆಲ್‌ನಲ್ಲಿ ಸೇರಿಸಿಕೊಳ್ಳಿ. ಕಂಪನಿಗಳು ತಿಂಗಳ ಕೊನೆಗೆ ಸ್ಕೀಮ್ ಕೊಟ್ಟಾಗ ಅಂಗಡಿಯವರು ತುಂಬಿಕೊಳ್ಳುವ ಮಾಲನ್ನೂ ಬೇರೆಯಾಗಿ ಗುರುತಿಸಿ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯು ತನ್ನ ಪ್ಯಾಂಪರ್ಸ್ ಡೈಪರ್‌ಗಳ ವಿಷಯದಲ್ಲಿ ಕಂಡುಕೊಂಡದ್ದೂ ಇಂಥದ್ದೇ: ಮಕ್ಕಳ ಬಳಕೆ ಸ್ಥಿರವಾಗಿದ್ದರೂ ವಿತರಕರ ಆರ್ಡರುಗಳು ವಿಪರೀತ ಏರಿಳಿಯುತ್ತಿದ್ದವು.

ದತ್ತಾಂಶ ವಿಶ್ಲೇಷಕಿ, ಬೆಂಗಳೂರು: ಕೊಳ್ಳುವುದೇ ಆದರೆ ಮೊದಲು ಒಂದು ಪರೀಕ್ಷೆ ಮಾಡಿಸಿ. ಕೊನೆಯ ಮೂರು ತಿಂಗಳ ಲೆಕ್ಕವನ್ನು ಮುಚ್ಚಿಟ್ಟು, ಅದಕ್ಕೂ ಹಿಂದಿನದನ್ನು ಮಾತ್ರ ಅವರಿಗೆ ಕೊಟ್ಟು ಅಂದಾಜು ಪಡೆಯಿರಿ. ಕಳೆದ ವಾರ ಹೋದಷ್ಟೇ ಈ ವಾರವೂ ಹೋಗುತ್ತದೆ ಎಂಬ ಸರಳ ಲೆಕ್ಕಕ್ಕಿಂತ ಅವರ ಅಂದಾಜಿನ ತಪ್ಪು ಗಣನೀಯವಾಗಿ ಕಡಿಮೆಯಿರದಿದ್ದರೆ, ಸದ್ಯಕ್ಕೆ ಎಕ್ಸೆಲ್ಲೇ ಸಾಕು.