ವ್ಹಾರಮ್ ಪರ್ಸಿ ಪ್ಲೇಗ್ ಬಂದು ಹಾಳಾದ ಊರೇ?

ಪ್ರಶ್ನೆ:
ನಮಸ್ಕಾರ. ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಹೋದ ಭಾನುವಾರ ಯಾರ್ಕ್‌ಶೈರ್‌ನ ವ್ಹಾರಮ್ ಪರ್ಸಿ ಅನ್ನುವ ಹಾಳೂರಿಗೆ ಹೋಗಿದ್ದೆ. ಕಾರು ನಿಲ್ಲಿಸಿ ಇಳಿಜಾರಲ್ಲಿ ಒಂದು ಕಿಲೋಮೀಟರಿನಷ್ಟು ನಡೆಯಬೇಕು. ಸೂರಿಲ್ಲದ ಚರ್ಚು, ಒಂದು ಕೆರೆ, ಉಳಿದದ್ದೆಲ್ಲ ಹುಲ್ಲು. ಆ ಹುಲ್ಲಿನ ಏರುತಗ್ಗುಗಳೇ ಮನೆಗಳಂತೆ. ಪ್ಲೇಗಿಗೆ ಬಿಟ್ಟ ಹಾಳೂರುಗಳ ಕಥೆ ನಮ್ಮಜ್ಜಿ ಹೇಳುತ್ತಿದ್ದರು. ಇದೂ ಹಾಗೇನಾ? ಇಲ್ಲಿದ್ದವರ ಬಗ್ಗೆ ಏನಾದರೂ ಗೊತ್ತಾಗಿದೆಯಾ?

ಉತ್ತರ 1:
ಪ್ಲೇಗ್ ಅಲ್ಲ. 1348-49ರ ಪ್ಲೇಗ್ ಮಹಾಮಾರಿಯ ನಂತರವೂ ಅಲ್ಲಿ ಜನ ಇದ್ದರು. 1500ರ ಆಸುಪಾಸಿನಲ್ಲಿ ಜಮೀನಿನ ಒಡೆಯರು ಕೊನೆಯ ಕೆಲವು ಕುಟುಂಬಗಳನ್ನು ಎಬ್ಬಿಸಿ, ಉಳುವ ಹೊಲವನ್ನು ಕುರಿ ಮೇಯಲು ಬಿಟ್ಟರು. ಉಣ್ಣೆಯಲ್ಲಿ ಲಾಭ ಜಾಸ್ತಿ ಇತ್ತು. ನನಗೆ ಇದು ಪ್ಲೇಗಿಗಿಂತ ಸಂಕಟದ ವಿಷಯ.

ಇತಿಹಾಸಕಾರ ಮಾರಿಸ್ ಬೆರೆಸ್ಫೋರ್ಡ್ 1950ರಲ್ಲಿ ಅಲ್ಲಿ ಅಗೆಯಲು ಶುರು ಮಾಡಿದರು. ಆಮೇಲೆ ಪುರಾತತ್ವಜ್ಞ ಜಾನ್ ಹರ್ಸ್ಟ್ ಜೊತೆಯಾದರು. 1990ರವರೆಗೂ ಪ್ರತಿ ಬೇಸಿಗೆ ಈ ಕೆಲಸ ನಡೆಯಿತು. ಇವರ ದೊಡ್ಡ ಹೆಜ್ಜೆ ಅಂದರೆ, ಅಲ್ಲೊಂದು ಇಲ್ಲೊಂದು ಕಿರುಗುಂಡಿ ತೋಡುವ ಬದಲು ಇಡೀ ಮನೆಯ ಜಾಗವನ್ನು ಒಟ್ಟಿಗೆ ತೆರೆದದ್ದು. ಒಂದೇ ಜಾಗದಲ್ಲಿ ಮನೆ ಮತ್ತೆ ಮತ್ತೆ ಕಟ್ಟಿದ್ದರು. ಕಿರುಗುಂಡಿಯಲ್ಲಿ ಅದು ತಿಳಿಯುತ್ತಲೇ ಇರಲಿಲ್ಲ.

ನನ್ನನ್ನು ಬಿಡದೆ ಕಾಡುವುದು ಆ ಮನೆಗಳ ನೆಲ. ಗುಡಿಸಿ ಗುಡಿಸಿ ನೆಲವೇ ಸವೆದು, ನಡುವೆ ಬೋಗುಣಿಯ ಹಾಗೆ ತಗ್ಗಾಗಿತ್ತು. ಬಡವರು ಕೊಳಕಲ್ಲಿ ಬದುಕಿದರು ಅಂತ ಸುಮ್ನೆ ಹೇಳುತ್ತೇವೆ ಅಲ್ವಾ? ಹೆಸರು ಉಳಿಯದ ಯಾವುದೋ ಹೆಂಗಸಿನ ಪೊರಕೆಯ ಗುರುತು ಮಾತ್ರ ಮಣ್ಣಲ್ಲಿ ಉಳಿದಿದೆ.

ಉತ್ತರ 2:
ಚರ್ಚಿನ ಸುತ್ತ 687 ಅಸ್ಥಿಪಂಜರಗಳೂ ಸಿಕ್ಕಿವೆ. ಮಕ್ಕಳ ಮೂಳೆಯಲ್ಲಿ ಸಾರಜನಕದ ಭಾರದ ಮತ್ತು ಹಗುರ ಬಗೆಗಳ ಪ್ರಮಾಣ ಅಳೆದು, ಸುಮಾರು ಒಂದೂವರೆ ವರ್ಷದವರೆಗೆ ತಾಯಿಹಾಲು ಕುಡಿದಿದ್ದರು ಅಂತ ಕಂಡುಕೊಂಡಿದ್ದಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ನನ್ನ ಮಗಳಿಗೆ ಈಗ 18 ತಿಂಗಳು. ಹಾಲು ಬಿಡಿಸುತ್ತಿದ್ದೇನೆ. ಚರ್ಚಿನ ಪಕ್ಕದ ಹುಲ್ಲಿನ ಮೇಲೇ ಅವಳಿಗೆ ಮೊಸರನ್ನ ತಿನ್ನಿಸಿದ್ದೆ. ಇನ್ನೊಮ್ಮೆ ಹೋಗಬೇಕು. ಮನೆಗಳ ಗುರುತು ಸರಿಯಾಗಿ ಕಾಣಲು ಯಾವ ಹೊತ್ತು ಒಳ್ಳೆಯದು?

ಉತ್ತರ 1:
ಬಿಸಿಲು ವಾಲಿದ ಮೇಲೆ ಹೋಗಿ, ಚಳಿಗಾಲವಾದರೆ ಇನ್ನೂ ಚೆನ್ನ. ಹುಲ್ಲು ಗಿಡ್ಡವಾಗಿರುತ್ತದೆ, ನೆರಳು ಉದ್ದ ಬೀಳುತ್ತದೆ. ಗೋಡೆ, ಹಿತ್ತಿಲು, ಓಣಿ ಎಲ್ಲ ಎದ್ದು ಕಾಣುತ್ತವೆ. ಕೆಸರು ಇರುತ್ತದೆ, ಮಗುವಿಗೆ ಬೂಟು ಹಾಕಿ.