30 ಆಂಪ್ ಟ್ರೇಲರ್‌ಗೆ 50ರ ಅಡಾಪ್ಟರ್ ಯಾಕೆ ಹೊತ್ತೊಯ್ಯಬೇಕು?

ದಾವಣಗೆರೆ ಹುಡುಗ, ಫ್ರೀಮಾಂಟ್:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಒಂದು ಹಳೇ ಟ್ರಾವೆಲ್ ಟ್ರೇಲರ್ (ಗಾಡಿ ಹಿಂದೆ ಎಳೆಯುವ ಮನೆ) ಕೊಂಡೆವು. 24 ಅಡಿ, ಹೊರಗಿನಿಂದ 30 ಆಂಪ್ ಕರೆಂಟ್ ತಗೊಳ್ಳುವಂಥದ್ದು. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಜೂನ್ ಎರಡನೇ ವಾರ ಅವರನ್ನು ಕರೆದುಕೊಂಡು ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಡುತ್ತೇವೆ. ಬಾರ್ಸ್ಟೋ ದಾಟಿ ನೀಡಲ್ಸ್‌ನಲ್ಲಿ ಒಂದು ರಾತ್ರಿ, ಆಮೇಲೆ ಕ್ಯಾನ್ಯನ್‌ನ ದಕ್ಷಿಣ ಅಂಚು ಸೌತ್ ರಿಮ್‌ನ ಟ್ರೇಲರ್ ವಿಲೇಜ್ ಕ್ಯಾಂಪ್‌ನಲ್ಲಿ ಮೂರು ರಾತ್ರಿ. ವಾಪಸ್ ಬರುವಾಗ ಬೇಕರ್ಸ್‌ಫೀಲ್ಡ್‌ನಲ್ಲಿ ಸ್ನೇಹಿತರ ಮನೆ ಮುಂದೆ ನಿಲ್ಲಿಸುತ್ತೇವೆ.

ಟ್ರೇಲರ್ ಮಾರಿದವರು ಒಂದು ದೊಡ್ಡ ಡಬ್ಬಿ ತುಂಬಾ ವೈರು, ಅಡಾಪ್ಟರು, ಪೈಪು ಕೊಟ್ಟಿದ್ದಾರೆ. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ನಾವು ಬುಕ್ ಮಾಡಿರುವ ಕಡೆಯೆಲ್ಲ 30 ಆಂಪ್ ಸಾಕೆಟ್ ಇದೆ. ಹಾಗಿದ್ದ ಮೇಲೆ 50 ಆಂಪ್ ಸಾಕೆಟ್‌ಗೆ ಚುಚ್ಚುವ ಅಡಾಪ್ಟರ್ ಯಾಕೆ? ಯಾವುದನ್ನು ಮನೆಯಲ್ಲೇ ಬಿಡಬಹುದು? ಇನ್ನೊಂದು ವಿಷಯ, ಅಮ್ಮನಿಗೆ ಬೆಳಿಗ್ಗೆ ಇಂಡಕ್ಷನ್ ಒಲೆ ಬೇಕೇ ಬೇಕು. ಅದರ ಜೊತೆ ಎಸಿ ಓಡುತ್ತಾ?

ಶಿರಸಿಯವ, ಫೀನಿಕ್ಸ್:

50ರ ಅಡಾಪ್ಟರ್ ಮಾತ್ರ ಬಿಡಬೇಡಿ. ಒಂಬತ್ತು ವರ್ಷದಿಂದ 30 ಆಂಪ್ ಟ್ರೇಲರ್ ಎಳೆಯುತ್ತಿದ್ದೇನೆ. ನನಗೆ ಹೆಚ್ಚು ಸಲ ಉಪಯೋಗಕ್ಕೆ ಬಂದಿದ್ದು ಅದೇ.

ಯಾಕೆ ಅಂತ ಹೇಳ್ತೀನಿ ಕೇಳಿ. ಕ್ಯಾಂಪ್‌ಗ್ರೌಂಡಿನ ಕರೆಂಟ್ ಕಂಬದಲ್ಲಿ 30ರ ಸಾಕೆಟ್‌ಗೆ ದಿನಾ ಯಾರಾದರೂ ಪ್ಲಗ್ ಚುಚ್ಚಿ ಕೀಳುತ್ತಲೇ ಇರುತ್ತಾರೆ. ಒಳಗಿನ ತಗಡು ಸಡಿಲ ಆಗುತ್ತದೆ. ಹಿಡಿತ ಇಲ್ಲದ ಕಡೆ ಕರೆಂಟ್ ಹರಿದರೆ ಬಿಸಿ ಏರುತ್ತದೆ. ಬಿಸಿಗೆ ತಗಡು ಇನ್ನಷ್ಟು ಸಡಿಲ.

ಒಂದು ಜುಲೈಯಲ್ಲಿ ಕೊಲರಾಡೊ ನದಿ ಕಡೆಯ ಒಂದು ಕ್ಯಾಂಪ್‌ನಲ್ಲಿ ಇದ್ದೆವು. ಮಕ್ಕಳು ಚಿಕ್ಕವರು, ಎಸಿ ಬೆಳಿಗ್ಗೆಯಿಂದ ಓಡುತ್ತಿತ್ತು. ಸಂಜೆ ಹೊರಗೆ ಬಂದಾಗ ಏನೋ ಮೀನು ಸೀದ ಹಾಗೆ ವಾಸನೆ. ಕಂಬದ ಮುಚ್ಚಳ ಎತ್ತಿ ಪ್ಲಗ್ ಮೇಲೆ ಕೈ ಇಟ್ಟೆ. ಇಡಲು ಆಗಲಿಲ್ಲ, ಅಷ್ಟು ಸುಡುತ್ತಿತ್ತು. ಬ್ರೇಕರ್ ಆಫ್ ಮಾಡಿ ಎಳೆದರೆ ಒಂದು ಕಡ್ಡಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಅದರ ಬುಡದ ಪ್ಲಾಸ್ಟಿಕ್ ಉಬ್ಬಿತ್ತು. ಬ್ರೇಕರ್ ಮಾತ್ರ ಟ್ರಿಪ್ ಆಗಿರಲಿಲ್ಲ. ಆಗುವುದೂ ಇಲ್ಲ. ಅದಕ್ಕೆ ಕಾಣುವುದು ಎಷ್ಟು ಆಂಪ್ ಹರಿಯುತ್ತಿದೆ ಅನ್ನುವುದು, ಪ್ಲಗ್ ಎಷ್ಟು ಬಿಸಿ ಅನ್ನುವುದಲ್ಲ.

ಪಕ್ಕದಲ್ಲೇ 50ರ ಸಾಕೆಟ್ ಇತ್ತು. ಅದು ಜಾಸ್ತಿ ಬಳಕೆ ಆಗಿರಲಿಲ್ಲ, ಗಟ್ಟಿಯಾಗಿತ್ತು. ಕಂಬದ ಕಡೆ 50, ನಮ್ಮ ವೈರಿನ ಕಡೆ 30 ಇರುವ ಡಾಗ್‌ಬೋನ್ (ತುಂಡು ವೈರಿನ) ಅಡಾಪ್ಟರ್ ಡಬ್ಬಿಯಲ್ಲಿತ್ತು. ಜೊತೆಗೆ ಒಂದು ಹೆಚ್ಚುವರಿ ವೈರೂ ಇತ್ತು. ಸುಟ್ಟ ಪ್ಲಗ್ಗಿನ ವೈರನ್ನು ಪಕ್ಕಕ್ಕಿಟ್ಟು ಆ ರಾತ್ರಿ ಕಳೆದೆವು. ಇಲ್ಲದಿದ್ದರೆ ಆ ಬಿಸಿಲಿನಲ್ಲಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು ಹೇಳಿ?

ಒಂದು ಮಾತು ನೆನಪಿರಲಿ. ಅಡಾಪ್ಟರ್ ಬದಲಾಯಿಸುವುದು ಪ್ಲಗ್ಗಿನ ಆಕಾರವನ್ನು ಮಾತ್ರ. 50ಕ್ಕೆ ಚುಚ್ಚಿದರೂ ನಿಮಗೆ ಸಿಗುವುದು 30 ಆಂಪ್, 120 ವೋಲ್ಟ್, ಅಂದರೆ 3600 ವ್ಯಾಟ್. ಟ್ರೇಲರ್ ಒಳಗಿನ 30ರ ಬ್ರೇಕರ್ ನಿಮ್ಮನ್ನು ಕಾಯುತ್ತದೆ. ಆದರೆ ಹೊರಗಿನ ವೈರಿಗೆ ಕಂಬದಲ್ಲಿ 50ರ ಬ್ರೇಕರ್ ಮಾತ್ರ ಕಾವಲು. ಹಾಗಾಗಿ ವೈರ್ 10 ಗೇಜ್ ದಪ್ಪದ್ದೇ ಇರಲಿ, ಜಜ್ಜಿ ಹೋಗಿರಬಾರದು.

ಅಮ್ಮನ ಇಂಡಕ್ಷನ್ 1800 ವ್ಯಾಟ್ ಇದ್ದರೆ ಅದೊಂದೇ 15 ಆಂಪ್ ತಿನ್ನುತ್ತದೆ. ಎಸಿ ಹೆಚ್ಚುಕಮ್ಮಿ 13. ಬ್ಯಾಟರಿ ಚಾರ್ಜ್, ಫ್ರಿಜ್ ಸೇರಿದರೆ ಮುಗೀತು, ಟ್ರಿಪ್. ಒಗ್ಗರಣೆ ಆಗುವ ಹತ್ತು ನಿಮಿಷ ಎಸಿ ಆಫ್ ಮಾಡಿ. ವಾಟರ್ ಹೀಟರನ್ನು ಗ್ಯಾಸ್ ಮೇಲೆ ಓಡಿಸಿ. ಸೌತ್ ರಿಮ್ ಸುಮಾರು 7000 ಅಡಿ ಎತ್ತರದಲ್ಲಿದೆ, ಅಲ್ಲಿ ಬೆಳಿಗ್ಗೆ ಎಸಿ ಬೇಕಾಗುವುದೇ ಇಲ್ಲ. ಕಷ್ಟ ಇರುವುದು ಮರುಭೂಮಿಯ ಬಿಸಿಲಿನ ನೀಡಲ್ಸ್‌ನಲ್ಲಿ. ಸಂಜೆ ಎಲ್ಲರ ಎಸಿಯೂ ಓಡುವಾಗ ಅಲ್ಲಿ ವೋಲ್ಟೇಜ್ ಬೀಳಬಹುದು. ಕಡಿಮೆ ವೋಲ್ಟೇಜಿಗೆ ಎಸಿ ಕಂಪ್ರೆಸರ್ ಹಾಳಾಗುತ್ತದೆ. ಬರೀ ಸರ್ಜ್ (ವೋಲ್ಟೇಜ್ ತಟ್ಟನೆ ಏರುವುದು) ತಡೆಯುವುದು ಸಾಲದು, ವೋಲ್ಟೇಜನ್ನೂ ನೋಡುವ ಪ್ರೊಟೆಕ್ಟರ್ ಕೊಳ್ಳಿ. ನನ್ನದು 104 ವೋಲ್ಟ್‌ಗಿಂತ ಕೆಳಗಿಳಿದರೆ ತಾನೇ ಕಟ್ ಮಾಡುತ್ತದೆ.

ದಾವಣಗೆರೆ ಹುಡುಗ, ಫ್ರೀಮಾಂಟ್:

ತುಂಬಾ ಥ್ಯಾಂಕ್ಸ್ ಸರ್, ಈಗ ಅರ್ಥ ಆಯ್ತು. ಬೇಕರ್ಸ್‌ಫೀಲ್ಡ್ ಸ್ನೇಹಿತರು ನಮಗೋಸ್ಕರ ಗ್ಯಾರೇಜ್ ಹೊರಗೆ ಹೊಸದಾಗಿ 30 ಆಂಪ್ ಸಾಕೆಟ್ ಹಾಕಿಸಿದ್ದಾರೆ. ನೇರವಾಗಿ ಚುಚ್ಚಬಹುದು ಅಲ್ವಾ?

ಶಿರಸಿಯವ, ಫೀನಿಕ್ಸ್:

ಬೇಡ! ಮೊದಲು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಟ್ರೇಲರಿನ ಮೂರು ಕಡ್ಡಿಯ ಸಾಕೆಟ್ ನೋಡಲು ಬಟ್ಟೆ ಡ್ರೈಯರ್ ಸಾಕೆಟ್ ಥರಾನೇ ಇರುತ್ತದೆ. ಟ್ರೇಲರ್ ಕೆಲಸ ಗೊತ್ತಿಲ್ಲದ ಎಲೆಕ್ಟ್ರಿಷಿಯನ್ ಅದಕ್ಕೆ 240 ವೋಲ್ಟ್ ಕೊಟ್ಟುಬಿಡುವುದು ಮಾಮೂಲಿ ತಪ್ಪು. ಚುಚ್ಚಿದ ಕ್ಷಣಕ್ಕೆ ಮೈಕ್ರೊವೇವ್, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್, ಟಿವಿ ಎಲ್ಲ ಸುಟ್ಟು ಹೋಗಬಹುದು. ಎರಡು ಓರೆ ಸೀಳುಗಳ ನಡುವೆ 120ರ ಆಸುಪಾಸು ತೋರಿಸಬೇಕು. 240 ತೋರಿಸಿದರೆ ಮುಟ್ಟಬೇಡಿ, ಸರಿ ಮಾಡಿಸಿ. ಅಲ್ಲಿಯವರೆಗೆ ಮನೆಯ ಮಾಮೂಲಿ ಸಾಕೆಟ್‌ಗೆ 15ರಿಂದ 30ರ ಅಡಾಪ್ಟರ್ ಹಾಕಿ ದೀಪ, ಫ್ರಿಜ್, ಫ್ಯಾನ್ ನಡೆಸಬಹುದು. ಎಸಿ ಬೇಡ. ಹುಲ್ಲು ಕತ್ತರಿಸುವ ಮಿಷನ್‌ಗೆ ಬಳಸುವ ತೆಳು ಎಕ್ಸ್‌ಟೆನ್ಷನ್ ವೈರ್ ಯಾರು ಕೊಟ್ಟರೂ ತಗೋಬೇಡಿ.

ಮೈಸೂರು ಅಕ್ಕ, ಸ್ಯಾಕ್ರಮೆಂಟೊ:

ಕರೆಂಟಿನದು ಅವರು ಹೇಳಿದ್ದಾರೆ, ನಾನು ನೀರಿನದು ಸೇರಿಸ್ತೀನಿ. ಹಿತ್ತಾಳೆಯ ಪ್ರೆಷರ್ ರೆಗ್ಯುಲೇಟರ್ ಬಿಡಬೇಡಪ್ಪ. ಕೆಲವು ಕಡೆ ನಲ್ಲಿಯ ರಭಸ ಎಷ್ಟಿರುತ್ತೆ ಅಂದರೆ ಟ್ರೇಲರ್ ಒಳಗಿನ ಪೈಪಿನ ಜೋಡಣೆ ಬಿಟ್ಟುಕೊಳ್ಳುತ್ತೆ. ರೆಗ್ಯುಲೇಟರನ್ನು ನಲ್ಲಿಗೇ ಸಿಕ್ಕಿಸಬೇಕು, ಆಗ ಹೋಸ್ ಕೂಡ ಉಳಿಯುತ್ತೆ. ಕುಡಿಯೋ ನೀರಿನ ಬಿಳಿ ಹೋಸನ್ನು ಬೇರೆ ಚೀಲದಲ್ಲಿಡು. ಕಕ್ಕಸಿನ ಪೈಪು, ಗ್ಲೌಸು ಇರೋ ಡಬ್ಬಿಯಲ್ಲಿ ಅದನ್ನು ಯಾವತ್ತೂ ಹಾಕಬೇಡ. ಹೋಸಿನ ರಬ್ಬರ್ ವಾಷರ್ ಎರಡು ಮೂರು ಜಾಸ್ತಿ ಇರಲಿ, ಅದು ಹೇಗೋ ಕಳೆದು ಹೋಗುತ್ತೆ. ಬ್ಲ್ಯಾಕ್ ಟ್ಯಾಂಕಿನ (ಕಕ್ಕಸಿನ ಟ್ಯಾಂಕು) ವಾಲ್ವ್ ಮುಚ್ಚೇ ಇರಲಿ. ಹೊರಡೋ ದಿನ ಮೊದಲು ಅದನ್ನು ಖಾಲಿ ಮಾಡಿ, ಆಮೇಲೆ ಸಿಂಕು, ಸ್ನಾನದ ನೀರಿನ ಗ್ರೇ ಟ್ಯಾಂಕ್ ತೆಗೆದರೆ ಸೋಪಿನ ನೀರು ಪೈಪನ್ನು ತೊಳೆಯುತ್ತೆ.

ದಾವಣಗೆರೆ ಹುಡುಗ, ಫ್ರೀಮಾಂಟ್:

ಅಕ್ಕ, ವಾಷರ್ ಇವತ್ತೇ ತಂದೆ. ಸರ್, ನೀವು ಹೇಳಿದ ಮೇಲೆ ಡಬ್ಬಿ ಸುರಿದು ಒಂದೊಂದೇ ನೋಡಿದೆ. 50ರ ಅಡಾಪ್ಟರ್ ಹೊಸದರ ಹಾಗಿದೆ. ಆದರೆ ಟ್ರೇಲರಿನ ಮುಖ್ಯ ವೈರಿನ ಪ್ಲಗ್‌ನಲ್ಲಿ ಒಂದು ಕಡ್ಡಿ ಕಂದು ಬಣ್ಣಕ್ಕೆ ತಿರುಗಿದೆ. ಉಪ್ಪು ಕಾಗದದಲ್ಲಿ (ಸ್ಯಾಂಡ್‌ಪೇಪರ್) ಉಜ್ಜಿದರೆ ಸಾಕಾ?

ಶಿರಸಿಯವ, ಫೀನಿಕ್ಸ್:

ಉಜ್ಜಬೇಡಿ. ಆ ಪ್ಲಗ್ ಬಿಸಿಗೆ ಸೋತಿದೆ, ಇನ್ನೊಂದು ಒಳ್ಳೆ ಸಾಕೆಟನ್ನೂ ಕೆಡಿಸುತ್ತದೆ. ಸ್ಕ್ರೂ ಹಾಕಿ ಕೂರಿಸುವ 30 ಆಂಪ್ ಪ್ಲಗ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹಳೇದನ್ನು ಕತ್ತರಿಸಿ, ಒಳಗಿನ ತಾಮ್ರ ಫಳಫಳ ಹೊಳೆಯುವ ತನಕ ಇಂಚಿಂಚು ಹಿಂದಕ್ಕೆ ಕತ್ತರಿಸುತ್ತಾ ಹೋಗಿ. ಕಪ್ಪು ತಾಮ್ರಕ್ಕೆ ಹೊಸ ಪ್ಲಗ್ ಹಾಕಿದರೆ ಮತ್ತೆ ಸುಡುತ್ತದೆ. ವೈರಿಂಗ್ ಕೆಲಸ ಗೊತ್ತಿಲ್ಲದಿದ್ದರೆ ಟ್ರೇಲರ್ ರಿಪೇರಿ ಅಂಗಡಿಯಲ್ಲಿ ಹಾಕಿಸಿ. ಆಮೇಲೆ ಮನೆ ಮುಂದೆ ಅರ್ಧ ಗಂಟೆ ಫ್ರಿಜ್ ಓಡಿಸಿ ಪ್ಲಗ್ ಮುಟ್ಟಿ ನೋಡಿ. ನೀಡಲ್ಸ್‌ನಲ್ಲಿ ಎಸಿ ಹಾಕಿ ಅರ್ಧ ಗಂಟೆ ಆದಮೇಲೂ ಒಮ್ಮೆ ಮುಟ್ಟಿ. ಉಗುರುಬೆಚ್ಚಗಿದ್ದರೆ ಪರವಾಗಿಲ್ಲ. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸಿ.